ಬಾತಿಯವರೆಗಿನ ವಿಭೂತಿ

ಆನೆಕೊಂಡದ ರುದ್ರಮುನಿಗೆ ದೇವರ ಮೇಲೆ ನಂಬಿಕೆ ಇರಲಿಲ್ಲವೆಂದಲ್ಲ. ಗಾಜಿನ ಮೇಲೆ ಒಂದು ಕಣ ಕೊಳೆಯೂ ಇರಬಾರದೆಂಬುದರ ಮೇಲೆ ಒಂದು ಗುಲಗಂಜಿಯಷ್ಟು ಹೆಚ್ಚು ನಂಬಿಕೆಯಿತ್ತು, ಅಷ್ಟೆ. ಅವನ ಹೆಂಡತಿ ಗುರುಶಾಂತಮ್ಮನ ದಾರಿಯೇ ಬೇರೆ. ತನ್ನ ಹೊಸಿಲು ದಾಟುವವರು ಯಾರೇ ಆಗಲಿ, ಪರೀಕ್ಷೆಗೆ ಹೊರಟ ಮಗಳಾಗಲಿ, ಸಂತೆಗೆ ಹೊರಟ ಪಕ್ಕದ ಮನೆಯ ಎಮ್ಮೆಯಾಗಲಿ, ಬರಿ ಹಣೆಯಲ್ಲಿ ಹೋಗಕೂಡದು. ಒದ್ದೆ ಅಂಗೈಯಲ್ಲಿ ವಿಭೂತಿ ಗಟ್ಟಿ ತೇಯ್ದು, ನಡುವಿನ ಮೂರು ಬೆರಳಿನಿಂದ ಒಮ್ಮೆ ಎಳೆದಳೆಂದರೆ ಅವಳ ಜವಾಬ್ದಾರಿ ಮುಗಿಯಿತು. ಮುಂದಿನದೆಲ್ಲ ಶಿವನ ಪಾಲು.

ಗಂಡ ರಿಪೇರಿ ಮಾಡಿದ, ಮಷಿನ್ ನಡೆಸುವ ಗಾಜಿನ ಪ್ಯಾನೆಲ್‌ಗಳಿಗೂ ಇದೇ ಕಾನೂನು. ಸಂಸಾರದಲ್ಲಿ ಜಗಳವೆಂದು ಏನಾದರೂ ಇದ್ದರೆ ಇದೊಂದೇ.

ರುದ್ರಮುನಿ ಮೊದಲು ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಮಿಲ್ಲಿನ ಕೂಗು ಕೇಳಿ ಊರಿನವರು ಗಡಿಯಾರದ ಮುಳ್ಳು ಸರಿ ಮಾಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಕೂಗುಗಳು ಒಂದೊಂದಾಗಿ ನಿಂತವು. ಅವನ ಮಿಲ್ಲಿನದೂ ನಿಂತಿತು. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಮಂಡಕ್ಕಿ ಭಟ್ಟಿಗೆ ಸೇರಿದರು, ಕೆಲವರು ಆಟೋ ಹಿಡಿದರು, ಕೆಲವರು ಕಟ್ಟೆಯ ಮೇಲೆ ಕೂತು ಮಿಲ್ಲು ಮತ್ತೆ ತೆರೆಯುತ್ತದೆಂದು ವರ್ಷಗಟ್ಟಲೆ ವಾದಿಸಿದರು. ರುದ್ರಮುನಿ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಟಿ.ವಿ., ಟೇಪ್ ರೆಕಾರ್ಡರ್ ರಿಪೇರಿಗೆ ಕೂತ. ಹೊಟ್ಟೆಗೆ ಮೋಸವಾಗಲಿಲ್ಲ, ಅಷ್ಟರಮಟ್ಟಿಗೆ ಕೈ ಹಿಡಿಯಿತು.

ಒಂದು ದಿನ ಹರಿಹರದ ಕಾರ್ಖಾನೆಯೊಂದರ ಫಿಟ್ಟರ್ ಗೋಣಿಚೀಲದಲ್ಲಿ ಸುತ್ತಿದ್ದ ವಸ್ತುವೊಂದನ್ನು ತಂದು ಅವನ ಮೇಜಿನ ಮೇಲಿಟ್ಟ. ಪಾಟಿಯಷ್ಟು ಅಗಲದ ಗಾಜು, ಸುತ್ತ ಕಬ್ಬಿಣದ ಚೌಕಟ್ಟು. ಹೊಸ ಮಷಿನ್‌ಗಳಿಗೆ ಹಿಡಿಕೆ ಇಲ್ಲ, ಗುಂಡಿ ಇಲ್ಲ. ಏನು ಹೇಳಬೇಕಾದರೂ ಈ ಗಾಜಿನ ಮೇಲೆ ಮೂಡುವ ಚಿತ್ರವನ್ನು ಬೆರಳಿನಿಂದ ಒತ್ತಿ ಹೇಳಬೇಕು. ಇದು ಕೆಟ್ಟರೆ ಲಾರಿಯಷ್ಟು ದೊಡ್ಡ ಮಷಿನ್ ಕೂಡ ಕಲ್ಲುಬಂಡೆ. ಕಂಪನಿಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಬೇಕು, ನಿಮ್ಮ ಕೈಯಲ್ಲಿ ಆದರೆ ನೋಡಿ ಎಂದು ಫಿಟ್ಟರ್ ಬಿಟ್ಟುಹೋದ.

ರುದ್ರಮುನಿ ಅದನ್ನು ಬಿಚ್ಚಿದ. ಗಾಜಿನ ಮೇಲೆ ಎರಡು ತೆಳ್ಳನೆ ಹಾಳೆಗಳು, ನಡುವೆ ಕೂದಲೆಳೆಯಷ್ಟು ಸಂದು. ಬೆರಳು ಒತ್ತಿದಾಗ ಮೇಲಿನ ಹಾಳೆ ಬಗ್ಗಿ ಕೆಳಗಿನದನ್ನು ಮುಟ್ಟುತ್ತದೆ, ಮುಟ್ಟಿದ ಜಾಗವೇ ಅಪ್ಪಣೆ. ಒತ್ತಿದ್ದು ಬೆರಳೋ ಬೆಣಚುಕಲ್ಲೋ ಎಂದು ಹಾಳೆಗೆ ಗೊತ್ತಾಗುವುದಿಲ್ಲ, ಅದು ಕೇಳುವುದೂ ಇಲ್ಲ. ಈ ಒಂದು ಮಾತು ತಲೆಗೆ ಹೋದ ಮೇಲೆ ರುದ್ರಮುನಿಗೆ ಆ ಕಸುಬು ಒಲಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಾಳೆ ತರಿಸುವುದು, ಸವೆದದ್ದನ್ನು ತೆಗೆದು ಹೊಸದನ್ನು ಕೂರಿಸುವುದು, ಚೌಕಟ್ಟಿನ ಅಂಚಿನಲ್ಲಿ ಧೂಳು ಕೂರದಂತೆ ನೂಲಿನಿಂದ ಉಜ್ಜುವುದು, ಇವೆಲ್ಲವನ್ನೂ ಮಗುವಿಗೆ ಸ್ನಾನ ಮಾಡಿಸುವಷ್ಟು ಜೋಪಾನವಾಗಿ ಮಾಡುತ್ತಿದ್ದ. ಹರಿಹರದ ನಾಲ್ಕಾರು ಕಾರ್ಖಾನೆಗಳಲ್ಲಿ ಅವನ ಹೆಸರು ನಡೆಯತೊಡಗಿತು.

ಅಷ್ಟು ಜೋಪಾನ ಮಾಡಿದ್ದನ್ನು ಟವೆಲಿನಲ್ಲಿ ಸುತ್ತಿ ಬಸ್ಸಿಗೆ ಹೊರಡುವ ಹೊತ್ತಿಗೆ ಗುರುಶಾಂತಮ್ಮ ಒದ್ದೆ ಅಂಗೈಯೊಂದಿಗೆ ಅಡ್ಡ ನಿಲ್ಲುತ್ತಿದ್ದಳು. ಜಡ್ಡಾಗಿ ಬಂದದ್ದು ವಾಸಿಯಾಗಿ ಹೋಗುತ್ತಿದೆ, ದೃಷ್ಟಿಯಾದರೆ ಯಾರು ಹೊಣೆ ಎಂದು ಅವಳ ವಾದ. ಗಾಜಿಗೆ ಹಣೆ ಎಲ್ಲಿಂದ ಬಂತು ಎಂದು ಅವನ ವಾದ. ವಾದ ಮುಗಿಯುವುದರೊಳಗೆ ಗಾಜಿನ ಮೇಲೆ ಅಂಚಿನಿಂದ ಅಂಚಿಗೆ ಮೂರು ಬಿಳಿ ಗೆರೆ ಬಿದ್ದಿರುತ್ತಿದ್ದವು. ಅವನು ಬೈಯುತ್ತಲೇ ಟವೆಲು ಸುತ್ತಿಕೊಂಡು ಹೋಗಿ, ಬಸ್ಸು ನಡುದಾರಿಯ ದೊಡ್ಡಬಾತಿ ಊರು ದಾಟಿದ ಮೇಲೆ ಮಡಿಲಲ್ಲಿ ಪ್ಯಾನೆಲ್ ಬಿಚ್ಚಿ, ಕರವಸ್ತ್ರದಿಂದ ಒರೆಸಿ, ಅಂಚಿಗೆ ನೂಲು ಎಳೆದು, ಏನೂ ಆಗಿಲ್ಲವೆಂಬಂತೆ ಹರಿಹರದಲ್ಲಿ ಇಳಿಯುತ್ತಿದ್ದ. ಇದು ಹೆಂಡತಿಗೆ ಗೊತ್ತಿಲ್ಲವೆಂದು ಅವನು ಬಹಳ ದಿನ ನಂಬಿದ್ದ.

"ಬಾತಿ ಬಂತಂದ್ರೆ ಒರೆಸ್ತೀರಿ, ನಂಗೊತ್ತೈತೆ," ಎಂದು ಅವಳೇ ಒಮ್ಮೆ ರೊಟ್ಟಿ ಬಡಿಯುತ್ತಾ ಹೇಳಿದಳು. "ಬಾತಿ ತನಕ ಕಾಯ್ತದಲ್ಲ, ಅಷ್ಟೇ ಸಾಕು ನಂಗೆ."

ಅಂದಿನಿಂದ ಜಗಳ ನಿಂತಿತು. ಅವಳು ಹಚ್ಚುವಳು, ಅವನು ಒರೆಸುವನು. ಮದುವೆಯಾದವರಲ್ಲಿ ಇದಕ್ಕಿಂತ ಒಳ್ಳೆಯ ಒಪ್ಪಂದ ಮಾಡಿಕೊಂಡವರು ಆ ಓಣಿಯಲ್ಲಂತೂ ಇರಲಿಲ್ಲ.

ದಾವಣಗೆರೆ ಜಿಲ್ಲೆಯಾಯಿತೆಂದು ಪಟಾಕಿ ಹೊಡೆದರಲ್ಲ, ಅದರ ಮುಂದಿನ ಬೇಸಗೆ. ಹರಿಹರದ ಕಾರ್ಖಾನೆಯೊಂದರ ದೊಡ್ಡ ಪ್ರೆಸ್ಸಿನ ಪ್ಯಾನೆಲ್ ಸಿದ್ಧವಾಗಿತ್ತು. ತಗಡನ್ನು ಒತ್ತಿ ಲಾರಿಯ ಬಿಡಿಭಾಗ ಮಾಡುವ ಮಷಿನ್ ಅದು. ಗುರುಶಾಂತಮ್ಮ ಎಂದಿನಂತೆ ಮೂರು ಬೆರಳು ಎಳೆದಳು. ಅಂದು ನೀರು ಸ್ವಲ್ಪ ಹೆಚ್ಚಾಗಿ, ಗೆರೆಗಳ ತುದಿ ಇಳಿದು ಚೌಕಟ್ಟಿನ ಮೂಲೆಗೆ ಹರಿಯಿತು. ರುದ್ರಮುನಿ ಗೊಣಗಿದ. ಅವಳು ನಕ್ಕು ಕೈ ತೊಳೆಯಲು ಒಳಗೆ ಹೋದವಳು, ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಳು. ತಲೆ ಒಂಥರಾ ಆಗ್ತೈತೆ ಎಂದಳಂತೆ. ಮಗಳು ರಶ್ಮಿತಾ ನೀರು ತರುವಷ್ಟರಲ್ಲಿ ಕತ್ತು ವಾಲಿತ್ತು.

ಗುರುಶಾಂತಮ್ಮನನ್ನು ಅವರ ಪದ್ಧತಿಯಂತೆ ಗುಂಡಿಯಲ್ಲಿ ಕೂರಿಸಿ, ಮೈಗೆಲ್ಲ ವಿಭೂತಿ ಬಳಿದು, ಸುತ್ತಲೂ ವಿಭೂತಿ ಗಟ್ಟಿಗಳನ್ನಿಟ್ಟು ಮಣ್ಣು ಮುಚ್ಚಿದರು. ಮನೆಯಲ್ಲಿದ್ದ ಗಟ್ಟಿಗಳೆಲ್ಲ ಅವಳ ಜೊತೆಗೇ ಹೋದವು. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲೆ ಮುಂದಿನ ಕೋಣೆ ಗುಡಿಸುತ್ತಿದ್ದ ರಶ್ಮಿತಾ, ಮೂಲೆಯಲ್ಲಿದ್ದ ಪ್ಯಾನೆಲ್ ತೋರಿಸಿ ಇದನ್ನು ಕೊಡುವುದಿಲ್ಲವೇ ಎಂದು ಕೇಳಿದಳು. ಕಾರ್ಖಾನೆಯವರು ಅಷ್ಟರಲ್ಲಿ ಎರಡು ಸಲ ಹೇಳಿಕಳಿಸಿದ್ದರು. ಪಾಪ, ಸಾವಿನ ಮನೆಯೆಂದು ಒತ್ತಾಯ ಮಾಡಿರಲಿಲ್ಲ.

ರುದ್ರಮುನಿ ಪ್ಯಾನೆಲ್ ಸುತ್ತಿಕೊಂಡು ಬಸ್ಸು ಹತ್ತಿದ. ದೊಡ್ಡಬಾತಿ ಬಂತು, ದಾಟಿತು. ಟವೆಲು ಬಿಚ್ಚಿದ. ಮೂರು ಗೆರೆಗಳು ಒಣಗಿ ಬೆಳ್ಳಗೆ ಎದ್ದು ಕಾಣುತ್ತಿದ್ದವು, ಬೆರಳು ಎಲ್ಲಿ ಒತ್ತಿ ಎಲ್ಲಿ ಸಡಿಲವಾಗಿತ್ತೆಂಬುದೂ ತಿಳಿಯುತ್ತಿತ್ತು. ಕೈ ಅಭ್ಯಾಸದಂತೆ ಕರವಸ್ತ್ರ ತೆಗೆಯಿತು. ಗಾಜಿನವರೆಗೂ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಅವಳ ಕೈಯಿಂದಾದದ್ದು ಈ ಲೋಕದಲ್ಲಿ ಇನ್ನು ಉಳಿದಿರುವುದು ಇದೊಂದೇ ಎನ್ನಿಸಿತು. ಪಕ್ಕದಲ್ಲಿ ಕೂತವರು ನೋಡುತ್ತಾರೆಂದು ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಮತ್ತೆ ಟವೆಲು ಸುತ್ತಿದ.

ಕಾರ್ಖಾನೆಯಲ್ಲಿ ಆ ಪ್ರೆಸ್ಸಿನ ಆಪರೇಟರ್ ಏಕಾಂತಪ್ಪ ಕಾಯುತ್ತಿದ್ದ. ಕಡರನಾಯಕನಹಳ್ಳಿಯವನು, ಮಾತು ಕಡಿಮೆ, ಮಷಿನ್ ಮೇಲೆ ಮಾತ್ರ ಎತ್ತಿನ ಮೇಲಿದ್ದಷ್ಟು ಪ್ರೀತಿ. ಪ್ಯಾನೆಲ್ ಕೂರಿಸಿ ದೀಪ ಹತ್ತಿದ ಮೇಲೆ ಗಾಜಿನ ಬಿಳಿ ಗೆರೆ ನೋಡಿ, ಒರೆಸಲೆಂದು ಕೈಯಲ್ಲಿದ್ದ ಹತ್ತಿನೂಲಿನ ವೇಸ್ಟ್ ಉಂಡೆ ಎತ್ತಿದ.

"ಇರ್ಲಿ ಬಿಡ್ರಿ," ಎಂದ ರುದ್ರಮುನಿ. "ನಮ್ಮನೆಯಾಕೆ ಹಚ್ಚಿದ್ದು. ತಾನಾಗೇ ಹೋಗ್ತದೆ."

ಗುರುಶಾಂತಮ್ಮ ತೀರಿಕೊಂಡ ಸುದ್ದಿ ಏಕಾಂತಪ್ಪನ ಕಿವಿಗೂ ಬಿದ್ದಿತ್ತು. ವೇಸ್ಟನ್ನು ಜೇಬಿಗೆ ಹಾಕಿಕೊಂಡು, ಗೆರೆಯ ತುದಿ ಮುಟ್ಟಿ ಕಣ್ಣಿಗೊತ್ತಿಕೊಂಡ. ರುದ್ರಮುನಿಗೆ ಆ ಮನುಷ್ಯನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಅಂಚಿಗೆ ನೂಲು ಎಳೆಯದೆ ಒಂದು ಪ್ಯಾನೆಲ್ಲನ್ನು ಅವನು ಬಿಟ್ಟುಬಂದದ್ದು ಅದೇ ಮೊದಲು.

ಗೆರೆಗಳು ತಾನಾಗೇ ಹೋದವು. ಕೆಲಸದ ಬೆರಳು ಓಡಾಡಿ ಓಡಾಡಿ ನಡುವಿನದೆಲ್ಲ ಅಳಿಸಿತು. ಮೂಲೆಯಲ್ಲಿ ಚೌಕಟ್ಟಿನ ಕೆಳಗೆ ಹರಿದು ಗಟ್ಟಿಯಾಗಿದ್ದದ್ದು ಮಾತ್ರ ಉಳಿಯಿತು.

ಮಳೆಗಾಲ ಬಂತು. ತುಂಗಭದ್ರೆ ತುಂಬಿ ಹರಿಯುತ್ತಿದ್ದ ಒಂದು ಬೆಳಗ್ಗೆ, ಏಕಾಂತಪ್ಪನ ಪ್ರೆಸ್ಸಿನಲ್ಲಿ ತಗಡು ಸಿಕ್ಕಿಕೊಂಡಿತು. ಮಷಿನ್ ನಿಲ್ಲಿಸಿ, ಗಾಜಿನ ಮೇಲೆ ಕೈಯಾರೆ ನಡೆಸುವ ಬಟನ್ ಚಿತ್ರಗಳ ಪುಟ ತೆರೆದು, ಬಲಗೈ ಒಳಗೆ ಹಾಕಿ ತಗಡು ಎಳೆಯುತ್ತಿದ್ದ. ಮೇಲಿನ ಅಚ್ಚು ಇಳಿದುಬಿಟ್ಟಿತು. ಹೆಬ್ಬೆರಳು, ಕಿರುಬೆರಳು ಉಳಿದವು. ನಡುವಿನವು ಮೂರೂ ಹೋದವು.

ಯಾರೋ ಒತ್ತದೆ ಮಷಿನ್ ಇಳಿಯುವುದಿಲ್ಲ. ಅಲ್ಲಿ ಇದ್ದವನು ಅವನೊಬ್ಬನೇ. ಹಾಗಾಗಿ ಅವನೇ ಎಡಗೈಯಲ್ಲೋ ಮೊಣಕೈಯಲ್ಲೋ ಒತ್ತಿಕೊಂಡಿರಬೇಕೆಂದು ಎಲ್ಲರೂ ಲೆಕ್ಕ ಹಾಕಿದರು. ಲೆಕ್ಕ ಹಾಕುವುದಕ್ಕೇನು, ಕೈ ಇನ್ನೊಬ್ಬರದಾದಾಗ ಎಲ್ಲರೂ ಜಾಣರೇ. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗಿನಿಂದ ಏಕಾಂತಪ್ಪ ಒಂದೇ ಮಾತು ಹೇಳುತ್ತಿದ್ದ, ನಾನು ಮುಟ್ಟಿಲ್ಲ. ಅವನ ಹೆಂಡತಿ ಓಬಕ್ಕ ಕೂಡ, ತೂಕಡಿಕೆ ಏನಾದ್ರೂ ಬಂದಿತ್ತಾ ಎಂದು ಮೆಲ್ಲಗೆ ಕೇಳಿದಳಂತೆ. ಅಜಾಗರೂಕತೆಯಿಂದ ಮಾಡಿಕೊಂಡದ್ದೆಂದು ಕೆಲಸದಿಂದ ತೆಗೆಯುವ ವಿಚಾರಣೆ ಶುರುವಾಯಿತು. ಪ್ಯಾನೆಲ್ ಸರಿಯಿದೆಯೋ ಇಲ್ಲವೋ ಒಂದು ಮಾತು ಹೇಳಲಿ ಎಂದು ಅದನ್ನು ಬಿಚ್ಚಿ ರುದ್ರಮುನಿಗೆ ಕಳಿಸಿದರು. ಅವನು ಸರಿಯಿದೆ ಎಂದರೆ ಏಕಾಂತಪ್ಪನ ಮಾತು ಅಲ್ಲಿಗೆ ಸತ್ತಂತೆ.

ರುದ್ರಮುನಿ ಅದನ್ನು ಮೇಜಿನ ಮೇಲಿಟ್ಟು ಕರೆಂಟು ಕೊಟ್ಟ. ಎಲ್ಲ ಪುಟ ತೆರೆದು ಎಲ್ಲ ಬಟನ್ ಒತ್ತಿದ. ಒಂದೂ ತಪ್ಪಲಿಲ್ಲ. ಒಳಗೊಳಗೆ ಸಮಾಧಾನವೇ ಆಯಿತು. ತನ್ನ ಕೈಕೆಲಸ ಅಲ್ಲವೇ. ಆಮೇಲೆ ಕಣ್ಣು ಕೆಳಗಿನ ಮೂಲೆಗೆ ಹೋಯಿತು. ಚೌಕಟ್ಟಿಗೆ ಅಂಟಿಕೊಂಡು ಒಂದು ಬಿಳಿ ಎಳೆ.

ಕೈಯಾರೆ ನಡೆಸುವ ಪುಟ ತೆರೆದ. ಉಳಿದ ಪುಟಗಳಲ್ಲಿ ಆ ಮೂಲೆ ಖಾಲಿ. ಈ ಪುಟವೊಂದರಲ್ಲಿ ಮಾತ್ರ ಅಚ್ಚು ಇಳಿಸುವ ಬಟನ್ ಅಲ್ಲಿ ಕೂತಿತ್ತು. ಒಂದು ಬಟ್ಟೆ ಒದ್ದೆ ಮಾಡಿ, ಮಳೆಗಾಲದ ತೇವದಂತೆ, ಮೂಲೆಗೆ ತಾಗಿಸಿ ಬಿಟ್ಟ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತಾ ನಿಂತ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಗದಿರಲಿ ಶಿವನೇ ಎಂದು ಬೇಡಿಕೊಂಡ. ಆಮೇಲೆ, ಯಾರೂ ಮುಟ್ಟದೆ, ಆ ಬಟನ್ ಒತ್ತಿದಂತೆ ಕಪ್ಪಾಯಿತು.

ಚೌಕಟ್ಟಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಕೆಳಗೆ ಹಾಳೆಯ ಅಂಚಿನಲ್ಲಿ ಅಕ್ಕಿಯಗಲ ವಿಭೂತಿ, ನೀರು ಕುಡಿದು ಉಬ್ಬಿ, ಚೌಕಟ್ಟಿಗೂ ಹಾಳೆಗೂ ನಡುವೆ ಬೆರಳಿಟ್ಟ ಹಾಗೆ ಕೂತಿತ್ತು. ಚಹಾ ತಂದ ರಶ್ಮಿತಾ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅವ್ವಂದಲ್ವಾ ಇದು?" ಎಂದಳು. ಅವನು ಹೂಂ ಎಂದ. ಅವಳು ಲೋಟ ಮೇಜಿನ ಮೇಲಿಟ್ಟು, "ಅಲ್ಲಿ ಅವ್ವನ ಹೆಸರು ಹೇಳಬ್ಯಾಡಪ್ಪ," ಎಂದಳು. "ಆ ಮನೆಯೋರು ಜೀವ ಇರೋ ತನಕ ಅವ್ವನ ಕೈಗೆ ಶಾಪ ಹಾಕ್ತಾರೆ."

ಒರೆಸಿ ಕೊಟ್ಟು ಸರಿಯಿದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ. ಅವಳ ಹೆಸರೂ ಉಳಿಯುತ್ತಿತ್ತು, ಅವನ ಅನ್ನವೂ ಉಳಿಯುತ್ತಿತ್ತು. ಆ ಯೋಚನೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಬಂತು, ಎರಡು ದಿನ ಮನೆಯಲ್ಲೇ ಕೂತಿತು. ಅನ್ನ ಕಲೆಸುವಾಗಲೆಲ್ಲ ತನ್ನ ತಟ್ಟೆಯಲ್ಲಿ ತನ್ನ ನಡುವಿನ ಮೂರು ಬೆರಳು ಅವನಿಗೆ ಕಾಣುತ್ತಿದ್ದವು. ಮೂರನೆಯ ದಿನ ಬಿದಿರುಕಡ್ಡಿಯ ತುದಿಯಿಂದ ಅದನ್ನು ಕೆರೆದ. ಒದ್ದೆ ಬಟ್ಟೆಗೆ ಬಿಳಿಯಾಗಿ ಹತ್ತಿಕೊಂಡು ಬಂತು. ಬಾತಿಯಲ್ಲಿ ಒರೆಸಬೇಕಾದದ್ದನ್ನು ಮನೆಯಲ್ಲಿ ಕೂತು ಒರೆಸುತ್ತಿದ್ದೇನಲ್ಲ ಗುರುಶಾಂತಿ ಎಂದು, ಹೆಂಡತಿ ಸತ್ತ ದಿನವೂ ಅಳದಷ್ಟು ಅತ್ತ.

ಹರಿಹರದಲ್ಲಿ ಮ್ಯಾನೇಜರರ ಕೋಣೆಯ ಹೊರಗೆ ಏಕಾಂತಪ್ಪ ಬೆಂಚಿನ ಮೇಲೆ ಕೂತಿದ್ದ. ಬಲಗೈ ಬಟ್ಟೆಯ ಉಂಡೆಯಾಗಿತ್ತು. ರುದ್ರಮುನಿ ಅವನ ಮುಖ ನೋಡಲಾರದೆ ನೇರ ಒಳಗೆ ಹೋದ. ಬಾಗಿಲು ತೆರೆದೇ ಇತ್ತು.

"ಆ ಮನುಷ್ಯ ಮುಟ್ಟಿಲ್ರಿ," ಎಂದ. "ಹಾಳೆ ಕೂಡಿಸೋವಾಗ ನನ್ನ ಕೈ ತಪ್ಪೈತೆ. ಮೂಲೆ ಒತ್ಕೊಂಡು ತಾನೇ ಇಳಿದೈತೆ. ತಪ್ಪು ನಂದು."

ಮ್ಯಾನೇಜರ್ ಕೆಟ್ಟವರಲ್ಲ. ಕೂಗಾಡಲಿಲ್ಲ. ಒಬ್ಬನ ಕೈ ಹೋಯಿತಲ್ಲ ರುದ್ರಮುನಿ ಎಂದಷ್ಟೇ ಹೇಳಿ, ಇನ್ನು ನೀವು ಹೋಗಬಹುದು ಎಂದರು. ಆ ಮಾತಿನ ಅರ್ಥ ಆಮೇಲೆ ತಿಳಿಯಿತು. ಆ ಕಾರ್ಖಾನೆಯಿಂದ ಮಾತ್ರವಲ್ಲ, ಯಾವ ಕಾರ್ಖಾನೆಯಿಂದಲೂ ಮತ್ತೆ ಗೋಣಿಚೀಲ ಬರಲಿಲ್ಲ. ಕೈ ತಪ್ಪುವವನೆಂಬ ಹೆಸರು ಪಿ.ಬಿ. ರಸ್ತೆಯ ಬಸ್ಸಿಗಿಂತ ಬೇಗ ಊರು ಮುಟ್ಟಿತು. ಮುಂದಿನ ಕೋಣೆಯ ಮೇಜಿನ ಮೇಲೆ ಮತ್ತೆ ಟೇಪ್ ರೆಕಾರ್ಡರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬಂದು ಕೂತವು. ಏಕಾಂತಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ, ಗೇಟಿನ ಕಾವಲಿಗೆ ಹಾಕಿದರು ಎಂದು ಕೇಳಿ ರುದ್ರಮುನಿಗೆ ಅರ್ಧ ನಿದ್ದೆ ಬಂತು. ಇನ್ನರ್ಧ ಬರಲೇ ಇಲ್ಲ. ತಾನು ವಿಭೂತಿ ಹಚ್ಚಿಕೊಳ್ಳುವುದನ್ನು ಅವನು ಬಿಟ್ಟುಬಿಟ್ಟ. ಸ್ನಾನ ಮಾಡಿ ಬರಿ ಹಣೆಯಲ್ಲೇ ಮೇಜಿಗೆ ಬಂದು ಕೂರುವ ಅಪ್ಪನನ್ನು ರಶ್ಮಿತಾ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ.

ಮರುವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಏಕಾಂತಪ್ಪ, ಒಂದು ಸಲ ಊಟಕ್ಕೆ ಬಂದುಹೋಗಬೇಕೆಂದು ಹೇಳಿಕಳಿಸಿದ. ರುದ್ರಮುನಿ ಎರಡು ಸಲ ನೆಪ ಹೇಳಿದ. ಮೂರನೆಯ ಸಲ ನೆಪ ಸಿಗಲಿಲ್ಲ. ಹರಿಹರದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಕಡರನಾಯಕನಹಳ್ಳಿಗೆ ಹೋದ.

ಓಬಕ್ಕ ಅವನನ್ನು ಒಡಹುಟ್ಟಿದವನಂತೆ ಉಪಚರಿಸಿದಳು. ಅವಳ ಉಪಚಾರ ಹೆಚ್ಚಿದಷ್ಟೂ ಅವನು ತಲೆ ತಗ್ಗಿಸಿ ತಟ್ಟೆಯನ್ನೇ ನೋಡಿಕೊಂಡು ಉಂಡ.

"ನಾನೇ ನಂಬಿರ್ಲಿಲ್ಲ ಅಣ್ಣಾರೆ," ಎಂದಳು. "ಕಟ್ಕೊಂಡೋಳೇ ನಂಬ್ಲಿಲ್ಲ. ನೀವು ಬಂದು ಹೇಳಿದ ಮ್ಯಾಲೆ ಇವ್ರ ಮಾತು ಉಳೀತು." ಕಣ್ಣೊರೆಸಿಕೊಂಡು ಮಜ್ಜಿಗೆ ತರಲು ಒಳಗೆ ಹೋದಳು.

ಏಕಾಂತಪ್ಪ ಅವಳು ಮರೆಯಾಗುವವರೆಗೂ ಕಾದ. ಎಡಗೈಯಿಂದ ಅನ್ನ ಕಲೆಸುವುದು ಅವನಿಗೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

"ಕೈ ತಪ್ಪಿದ್ದಲ್ಲ ಅದು, ರುದ್ರಣ್ಣ," ಎಂದ. "ವಿಭೂತಿ. ಅಲ್ವಾ?"

ರುದ್ರಮುನಿಯ ಕೈ ತಟ್ಟೆಯಲ್ಲೇ ನಿಂತಿತು.

"ಮೂಲೆಯಾಗೆ ಬಿಳೀದು ಉಳಿದಿತ್ತು. ದಿನಾ ಮಷಿನ್ ಚಾಲೂ ಮಾಡೋ ಮುಂದೆ ಅದನ್ನ ಮುಟ್ಟಿ ಕಣ್ಣಿಗೆ ಒತ್ಕೊಂತಿದ್ದೆ. ಸತ್ತ ಮುತ್ತೈದೆ ಕೈಯಿಂದು, ಕಾಯ್ತದೆ ಅಂತ. ತೆಗೀಬೇಕು ಅಂತ ಒಂದೊಂದು ಸಲ ಅನ್ನಿಸ್ತಿತ್ತು. ನಂಗೂ ಮನಸ್ಸು ಬರ್ಲಿಲ್ಲ." ಒಳಬಾಗಿಲ ಕಡೆ ಒಮ್ಮೆ ನೋಡಿ ಹೇಳಿದ. "ನೀವು ಅಮ್ಮಾರ ಹೆಸರು ಎತ್ತಲಿಲ್ಲ. ನಾನೂ ಇವಳಿಗೆ ಹೇಳಿಲ್ಲ. ಹೇಳದೂ ಇಲ್ಲ."

ರುದ್ರಮುನಿ ತಪ್ಪಾಯಿತು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಓಬಕ್ಕ ಮಜ್ಜಿಗೆ ಹಿಡಿದು ಬಂದಳು.

ಹೊರಡುವಾಗ ಅವಳು ತಟ್ಟೆಯಲ್ಲಿ ವಿಭೂತಿ ಗಟ್ಟಿ, ಒಂದು ಲೋಟ ನೀರು ತಂದಿಟ್ಟಳು. ನಿಮ್ಮ ಕಡೆಯವರು ಹಚ್ಚಿಕೊಂಡೇ ಹೊಸಿಲು ದಾಟುತ್ತಾರೆಂದು ಗೊತ್ತು, ಹರಿಹರದಿಂದ ತರಿಸಿದೆ ಎಂದಳು. ರುದ್ರಮುನಿ ತಟ್ಟೆ ನೋಡುತ್ತಾ ನಿಂತ. ಕೈ ಮುಂದೆ ಹೋಗಲಿಲ್ಲ. ಬ್ಯಾಡಮ್ಮ ಎನ್ನುವಷ್ಟರಲ್ಲಿ ಏಕಾಂತಪ್ಪ ಬಂದು, ಗಟ್ಟಿಯ ಮೇಲೆ ಎರಡು ಹನಿ ನೀರು ಬಿಟ್ಟು, ಎಡಗೈಯ ಮೂರು ಬೆರಳನ್ನು ಅದರ ಮೇಲೆ ಉಜ್ಜಿದ.

"ಎಡಗೈಲಾ?" ಎಂದಳು ಓಬಕ್ಕ, ಗಾಬರಿಯಾಗಿ.

"ಇರೋದು ಇದೇ ಅಲ್ವಾ," ಎಂದು ಏಕಾಂತಪ್ಪ ರುದ್ರಮುನಿಯ ಹಣೆಯ ಮೇಲೆ ಅಡ್ಡಲಾಗಿ ಎಳೆದ. ಅಭ್ಯಾಸವಿಲ್ಲದ ಕೈ. ಗೆರೆಗಳು ಸೊಟ್ಟಗಾದವು, ನೀರು ಹೆಚ್ಚಾಗಿ ಒಂದು ಹನಿ ಹುಬ್ಬಿಗೆ ಇಳಿಯಿತು.

ವಾಪಸ್ಸು ಬರುವಾಗ ಬಸ್ಸು ದೊಡ್ಡಬಾತಿಯಲ್ಲಿ ನಿಂತು ಹೊರಟಿತು. ಜನ ಹತ್ತಿದರು, ಇಳಿದರು. ರುದ್ರಮುನಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ.

ಆನೆಕೊಂಡದಲ್ಲಿ ಬಾಗಿಲು ತೆಗೆದ ರಶ್ಮಿತಾ ಅಪ್ಪನ ಹಣೆ ನೋಡಿ ಅಲ್ಲೇ ನಿಂತಳು. ಯಾರು ಹಚ್ಚಿದ್ದು ಇಷ್ಟು ಸೊಟ್ಟಗೆ ಎಂದು ಕೇಳಿದಳು.

"ಏಕಾಂತಪ್ಪ," ಎಂದ. "ಎಡಗೈಲಿ ಹಚ್ಚಿದ."